ಎರಡು ಶಿಲ್ಲಿಂಗ್‌ಗಳ ಹಿಸಾಬು

ಕೀನ್ಯಾದ ಒಂದು ಶಿಲ್ಲಿಂಗ್ ಕೊಟ್ಟರೆ ಈಗ ಉಗಾಂಡಾದ ಸುಮಾರು 28 ಶಿಲ್ಲಿಂಗ್ ಸಿಗುತ್ತದೆ. 1966ರಲ್ಲಿ ಒಂದಕ್ಕೆ ಒಂದೇ ಸಿಗುತ್ತಿತ್ತು. ಅಕ್ಕಪಕ್ಕದ ದೇಶಗಳು, ಒಂದೇ ಹೆಸರಿನ ನಾಣ್ಯ, ಎರಡೂ ಹುಟ್ಟಿದ್ದು ಒಂದೇ ವರ್ಷ. ಅರ್ಥಶಾಸ್ತ್ರದಲ್ಲಿ ವಿನಿಮಯ ದರದ ಪಾಠ ಬಂದಾಗ ಎಲ್ಲರೂ ಡಾಲರ್ ಮತ್ತು ರೂಪಾಯಿಯ ಉದಾಹರಣೆಯನ್ನೇ ಕೊಡುತ್ತಾರೆ. ನಾನು ಈ ಜೋಡಿಯನ್ನು ಆರಿಸಿಕೊಂಡೆ. ಏಕೆಂದರೆ ಇದರ ಕಥೆ ಶುರುವಾಗುವುದೂ ನಮ್ಮ ರೂಪಾಯಿಯಿಂದಲೇ.

ಬ್ರಿಟಿಷರು 1896ರಿಂದ 1901ರವರೆಗೆ ಮೊಂಬಾಸಾದಿಂದ ವಿಕ್ಟೋರಿಯಾ ಸರೋವರದವರೆಗೆ ರೈಲು ಹಾದಿ ಹಾಕಿಸಿದರು. ಅದಕ್ಕೆ ಭಾರತದಿಂದ ಸಾವಿರಾರು ಕೂಲಿಕಾರರನ್ನು ಕರೆದೊಯ್ದರು. ಆಗ ಅಲ್ಲಿನ ವ್ಯಾಪಾರವೆಲ್ಲ ರೂಪಾಯಿಯಲ್ಲೇ ನಡೆಯುತ್ತಿತ್ತು. ಇಂದಿಗೂ ಸ್ವಾಹಿಲಿ ಭಾಷೆಯಲ್ಲಿ ಅಂಗಡಿಗೆ 'ದುಕಾ', ಲೆಕ್ಕಕ್ಕೆ 'ಹೆಸಾಬು' ಎನ್ನುತ್ತಾರೆ. ಮನೆಯಲ್ಲಿ ದುಕಾನ್, ಹಿಸಾಬ್ ಎಂದು ಮಾತಾಡುವ ನನಗೆ ಇದನ್ನು ಓದಿ ಖುಷಿಯಾಯಿತು.

ಆಗ ಒಂದು ಪೌಂಡ್‌ಗೆ 15 ರೂಪಾಯಿ. ಮೊದಲ ಮಹಾಯುದ್ಧದ ಸಮಯದಲ್ಲಿ ಬೆಳ್ಳಿಯ ಬೆಲೆ ಏರಿತು, ಜೊತೆಗೆ ರೂಪಾಯಿಯೂ ಏರಿತು. 1920ರಲ್ಲಿ ಸರ್ಕಾರ ಪೌಂಡ್‌ಗೆ 10 ರೂಪಾಯಿ ಎಂದು ನಿಗದಿ ಮಾಡಿತು. ಕೀನ್ಯಾದ ಒಬ್ಬ ಜಮೀನುದಾರ 1,500 ರೂಪಾಯಿ ಸಾಲ ಮಾಡಿದ್ದಾನೆ ಎಂದುಕೊಳ್ಳಿ. ಮೊದಲು ಅದು 100 ಪೌಂಡ್ ಸಾಲ, ಈಗ 150 ಪೌಂಡ್. ಅವನ ಬೆಳೆ ಮಾರಾಟವಾಗುವುದು ಲಂಡನ್ನಿನಲ್ಲಿ, ಪೌಂಡ್ ಲೆಕ್ಕದಲ್ಲಿ. ಒಂದು ಕಾಸೂ ಹೆಚ್ಚು ಸಾಲ ಮಾಡದೆ ಅವನ ಹೊರೆ ಅರ್ಧದಷ್ಟು ಹೆಚ್ಚಾಯಿತು. ಅದೇ ವರ್ಷ ರೂಪಾಯಿಯ ಜಾಗಕ್ಕೆ ಫ್ಲಾರಿನ್ ಬಂತು. ಅದೂ ಹೆಚ್ಚು ದಿನ ಉಳಿಯಲಿಲ್ಲ. 1921ರಲ್ಲಿ ಒಂದು ಫ್ಲಾರಿನ್‌ಗೆ ಎರಡರಂತೆ ಪೂರ್ವ ಆಫ್ರಿಕಾದ ಶಿಲ್ಲಿಂಗ್ ಬಂತು. ಅದು ಬ್ರಿಟನ್ನಿನ ಶಿಲ್ಲಿಂಗ್‌ಗೆ ಸಮ.

ಸ್ವಾತಂತ್ರ್ಯ ಬಂದ ಮೇಲೂ ಕೆಲವು ವರ್ಷ ಇದೇ ನಾಣ್ಯ ನಡೆಯಿತು. 1966ರಲ್ಲಿ ಕೀನ್ಯಾ, ಉಗಾಂಡಾ, ಟಾಂಜಾನಿಯಾ ತಮ್ಮ ತಮ್ಮ ಕೇಂದ್ರ ಬ್ಯಾಂಕ್ ತೆರೆದು ತಮ್ಮದೇ ಶಿಲ್ಲಿಂಗ್ ಹೊರಡಿಸಿದವು. ಮೂರರ ಬೆಲೆಯೂ ಒಂದೇ. ಡಾಲರ್‌ಗೆ 7.14.

ಇಲ್ಲಿ ಒಂದು ವಿಷಯ ತಿಳಿದಿರಬೇಕು. ಇಂತಹ ಎರಡು ನಾಣ್ಯಗಳ ದರವನ್ನು ಸಾಮಾನ್ಯವಾಗಿ ಡಾಲರ್ ಮೂಲಕ ಲೆಕ್ಕ ಹಾಕುತ್ತಾರೆ. ಇದಕ್ಕೆ ಕ್ರಾಸ್ ರೇಟ್ ಎಂದು ಹೆಸರು. ಡಾಲರ್‌ಗೆ ಉಗಾಂಡಾದ ಎಷ್ಟು ಶಿಲ್ಲಿಂಗ್ ಎಂಬುದನ್ನು ಡಾಲರ್‌ಗೆ ಕೀನ್ಯಾದ ಎಷ್ಟು ಎಂಬುದರಿಂದ ಭಾಗಿಸಿದರೆ ಉತ್ತರ ಸಿಕ್ಕಿತು. ಭಾಗಾಕಾರ ಸುಲಭ. ಆದರೆ ಯಾವ ದರವನ್ನು ಭಾಗಿಸುತ್ತೇವೆ, ಸರ್ಕಾರದ್ದೋ ಬೀದಿಯದ್ದೋ, ಎಂಬುದೇ ಕಷ್ಟದ ಪ್ರಶ್ನೆ.

1971ರಲ್ಲಿ ಇದಿ ಅಮೀನ್ ಉಗಾಂಡಾದ ಅಧಿಕಾರ ಕಿತ್ತುಕೊಂಡ. ಮರುವರ್ಷ ಅಲ್ಲಿನ ಏಷ್ಯಾ ಮೂಲದವರಿಗೆ 90 ದಿನಗಳಲ್ಲಿ ದೇಶ ಬಿಡಲು ಆಜ್ಞೆ ಮಾಡಿದ. ಅವರಲ್ಲಿ ಹೆಚ್ಚಿನವರು ಭಾರತ ಮೂಲದವರು. ಅಂಗಡಿ, ಕಾರ್ಖಾನೆಗಳು ವ್ಯವಹಾರ ಗೊತ್ತಿಲ್ಲದವರ ಕೈ ಸೇರಿದವು. ಸಾಮಾನು ಕಡಿಮೆಯಾಯಿತು, ಸರ್ಕಾರ ಮಾತ್ರ ನೋಟು ಅಚ್ಚು ಹಾಕುತ್ತಲೇ ಇತ್ತು. ಹೀಗಿದ್ದರೂ ಸರ್ಕಾರಿ ಪಟ್ಟಿಯಲ್ಲಿ ಎರಡೂ ಶಿಲ್ಲಿಂಗ್‌ಗಳು ಹೆಚ್ಚು ಕಡಿಮೆ ಸಮವೇ! ಗಡಿಯ ಜನ ಆ ಪಟ್ಟಿಯನ್ನು ನಂಬಲಿಲ್ಲ. 1975ರಲ್ಲಿ ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಕಾಫಿ ಬೆಳೆ ಹಾಳಾಯಿತು, ಲೋಕದಲ್ಲೆಲ್ಲ ಕಾಫಿ ಬೆಲೆ ಗಗನಕ್ಕೇರಿತು. (ಬ್ರೆಜಿಲ್‌ನ ಹಿಮದ ಮಹತ್ವವನ್ನು ಕೊಡಗು, ಚಿಕ್ಕಮಗಳೂರಿನವರಿಗೆ ಹೇಳಬೇಕಾಗಿಲ್ಲ.) ಉಗಾಂಡಾದ ರೈತ ಕಾಫಿಯನ್ನು ಸರ್ಕಾರಿ ಮಂಡಳಿಗೆ ಕೊಟ್ಟರೆ ಸಿಗುತ್ತಿದ್ದುದು ಏನೂ ಕೊಳ್ಳಲಾಗದ ನೋಟು. ಆದ್ದರಿಂದ ಕಾಫಿ ಮೂಟೆಗಳು ರಾತ್ರೋರಾತ್ರಿ ಗಡಿ ದಾಟಿ ಕೀನ್ಯಾದ ಚೆಪ್ಕುಬೆಯಂತಹ ಸಂತೆಗಳಿಗೆ ಹೋದವು. ಅಲ್ಲಿ ಸಿಗುವ ಕೀನ್ಯಾದ ಹಣದಲ್ಲಿ ಸೋಪು, ಉಪ್ಪು, ಬಟ್ಟೆ ಕೊಳ್ಳಬಹುದಿತ್ತು. ಇಂತಹ ಕಳ್ಳ ವ್ಯಾಪಾರಕ್ಕೆ ಅಲ್ಲಿನ ಜನ 'ಮಗೆಂಡೊ' ಎನ್ನುತ್ತಿದ್ದರು. ನನ್ನ ಪ್ರಕಾರ ಆ ವರ್ಷಗಳ ನಿಜವಾದ ವಿನಿಮಯ ದರ ಬ್ಯಾಂಕಿನಲ್ಲಿ ಇರಲಿಲ್ಲ, ಆ ಸಂತೆಗಳಲ್ಲಿ ಇತ್ತು.

ಅಮೀನ್ 1979ರಲ್ಲಿ ಓಡಿಹೋದ. 1981ರಲ್ಲಿ ಹೊಸ ಸರ್ಕಾರ ದರವನ್ನು ಮಾರುಕಟ್ಟೆಗೆ ಬಿಟ್ಟಾಗ ಡಾಲರ್‌ಗೆ ಸುಮಾರು 8 ಇದ್ದ ಶಿಲ್ಲಿಂಗ್ ಸುಮಾರು 78ಕ್ಕೆ ಇಳಿಯಿತು. ಕೀನ್ಯಾದ್ದು ಆಗ ಸುಮಾರು 9. ಅಂದರೆ ಒಂದಕ್ಕೆ ಒಂದು ಎನ್ನುತ್ತಿದ್ದ ಪಟ್ಟಿ ಒಮ್ಮೆಲೇ ಒಂದಕ್ಕೆ ಒಂಬತ್ತರ ಹತ್ತಿರ ಬಂತು.

ನಂತರ ಮತ್ತೆ ಅಂತರ್ಯುದ್ಧ, ಮತ್ತೆ ಬೆಲೆ ಏರಿಕೆ. 1986ರಲ್ಲಿ ಮುಸೆವೆನಿ ಅಧಿಕಾರಕ್ಕೆ ಬಂದರು. 1987ರ ಮೇ ತಿಂಗಳಲ್ಲಿ ಹಳೆಯ 100 ಶಿಲ್ಲಿಂಗ್‌ಗೆ ಹೊಸ ಒಂದು ಶಿಲ್ಲಿಂಗ್ ಎಂದು ಬದಲಾಯಿಸಿದರು, ಅದರ ಮೇಲೆ ಶೇ. 30 ತೆರಿಗೆ ಹಾಕಿದರು. ಡಾಲರ್‌ಗೆ ಹೊಸ 60 ಎಂದು ದರ ಕಟ್ಟಿದರು. ನಾನು ಒಂದು ಲೆಕ್ಕ ಹಾಕಿ ನೋಡಿದೆ. ಒಬ್ಬರು ಒಂದು ಲಕ್ಷ ಹಳೆಯ ಶಿಲ್ಲಿಂಗ್ ಉಳಿಸಿಟ್ಟಿದ್ದರು ಎನ್ನಿ. ಎರಡು ಸೊನ್ನೆ ತೆಗೆದರೆ 1,000, ತೆರಿಗೆ ಹೋಗಿ 700. ಕೀನ್ಯಾದ ಹಣ ಆಗ ಡಾಲರ್‌ಗೆ ಸುಮಾರು 16. ಹಾಗಾಗಿ ಕೈಗೆ ಬರುವುದು ಕೀನ್ಯಾದ ಇನ್ನೂರಕ್ಕಿಂತಲೂ ಕಡಿಮೆ ಶಿಲ್ಲಿಂಗ್. 1966ರಲ್ಲಿ ಅದೇ ಮೊತ್ತಕ್ಕೆ ಕೀನ್ಯಾದ ಪೂರ್ತಿ ಒಂದು ಲಕ್ಷ ಸಿಗುತ್ತಿತ್ತು.

ಈ ಎರಡು ಸೊನ್ನೆಗಳನ್ನು ಮರೆತರೆ ಗ್ರಾಫ್ ನಮಗೆ ಸುಳ್ಳು ಹೇಳುತ್ತದೆ. ಇಂದಿನ 28 ಎಂಬುದು ಹೊಸ ಶಿಲ್ಲಿಂಗ್. ಹಳೆಯದರಲ್ಲಿ ಅದು 2,800. ಆದ್ದರಿಂದ ಬಹಳ ವರ್ಷಗಳ ದರಪಟ್ಟಿ ನೋಡುವಾಗ ಮಧ್ಯೆ ನಾಣ್ಯ ಬದಲಾಗಿದೆಯೇ ಎಂದು ಮೊದಲು ನೋಡುವುದು ಒಳ್ಳೆಯದು.

ಕೀನ್ಯಾದ ಶಿಲ್ಲಿಂಗ್ ಗಟ್ಟಿಯಾಗಿ ನಿಂತಿತ್ತು ಎಂದೂ ಅಲ್ಲ. 1993ರಲ್ಲಿ ಅಲ್ಲೂ ಹಣದುಬ್ಬರ ಜೋರಾಗಿ, ಡಾಲರ್‌ನ ಆ ವರ್ಷದ ಸರಾಸರಿ 58 ಆಯಿತು. ಉಗಾಂಡಾದ್ದು ಆಗ 1,200ರ ಹತ್ತಿರ. ಭಾಗಿಸಿದರೆ ಸುಮಾರು 20. ಆಶ್ಚರ್ಯವೆಂದರೆ, ಅಲ್ಲಿಂದ ಮುಂದಿನ ಮೂವತ್ತು ವರ್ಷಗಳಲ್ಲಿ ಈ ಜೋಡಿಯ ದರ ಮೊದಲಿನಂತೆ ಹುಚ್ಚಾಗಿ ಓಡಲಿಲ್ಲ. 2024ರ ಜನವರಿಯಲ್ಲಿ ಕೀನ್ಯಾದ ಹಣ ಡಾಲರ್‌ಗೆ 160ರವರೆಗೆ ಕುಸಿದಾಗ 24ರ ಆಸುಪಾಸಿಗೆ ಬಂತು, ಅದು 129ಕ್ಕೆ ಚೇತರಿಸಿದಾಗ ಮತ್ತೆ 28 ದಾಟಿತು.

ಈಗ ಈ ದೇಶಗಳು ಮತ್ತೆ ಒಂದೇ ನಾಣ್ಯ ತರಲು ಹೊರಟಿವೆ. 2013ರಲ್ಲಿ ಕಂಪಾಲಾದಲ್ಲಿ ಒಪ್ಪಂದಕ್ಕೆ ಸಹಿ ಬಿದ್ದಿದೆ. 2024ಕ್ಕೆ ಎಂದಿದ್ದ ಗಡುವನ್ನು 2031ಕ್ಕೆ ಮುಂದೂಡಿದ್ದಾರೆ. ಅಷ್ಟರೊಳಗೆ ಹಣದುಬ್ಬರ, ಸಾಲ, ಬಜೆಟ್ ಕೊರತೆಗಳಿಗೆ ಎಲ್ಲರೂ ಒಪ್ಪಿದ ಮಿತಿಯೊಳಗೆ ಬರಬೇಕು. ಆಮೇಲೆ ಪ್ರತಿಯೊಂದು ದೇಶದ ಹಣವನ್ನು ಯಾವ ದರದಲ್ಲಿ ಹೊಸ ನಾಣ್ಯಕ್ಕೆ ಬದಲಾಯಿಸಬೇಕು ಎಂದು ಕುಳಿತು ಗೊತ್ತು ಮಾಡಬೇಕು.