ಗೋಡೆಯ ಗೂಡಿನಲ್ಲಿ ಗ್ರಂಥಸರಸ್ವತಿ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆಯ ಅರ್ಥ ಮನೆ ಕಟ್ಟಿದವರಿಗೇ ಗೊತ್ತು. ಕಟ್ಟುವಾತನು ದೇವರಿಗೊಂದು ಕೋಣೆ, ಒಲೆಗೊಂದು ಮೂಲೆ, ದನಕ್ಕೊಂದು ಕೊಟ್ಟಿಗೆ ಎಂದು ಎಲ್ಲವನ್ನೂ ಎಣಿಸಿಡುತ್ತಾನೆ. ಪುಸ್ತಕವನ್ನು ಮಾತ್ರ ಮರೆಯುತ್ತಾನೆ. ಗೃಹಪ್ರವೇಶದ ಮರುದಿನ ಅದು ಟ್ರಂಕು ಸೇರಿ ಅಟ್ಟವೇರುತ್ತದೆ. ಅಟ್ಟವೇರಿದ ಪುಸ್ತಕ ಗೆದ್ದಲಿನ ಪಾಲು.

ಚಿಕ್ಕೋಡಿ, ರಾಯಬಾಗ, ಅಥಣಿಗಳ ಹಿರಿಯರಿಗೆ ಈ ತೊಡಕಿರಲಿಲ್ಲ. ಮಣ್ಣು ಇಲ್ಲವೆ ಕಲ್ಲಿನಿಂದ ಎದ್ದ ಗೋಡೆಗಳು ಮಾರುದ್ದದ ಕಿಟಕಿಗಟ್ಟೆಯನ್ನು ಕೊಡುವಷ್ಟು ದಪ್ಪ. ಗೌಂಡಿಯು ಆ ದಪ್ಪದಲ್ಲಿಯೇ ಗೂಡು ಬಿಡುತ್ತಿದ್ದ. ಒಂದರಲ್ಲಿ ದೀಪ, ಒಂದರಲ್ಲಿ ತಾಂಬೂಲದ ತಟ್ಟೆ, ಮತ್ತೊಂದರಲ್ಲಿ ಬಟ್ಟೆ ಸುತ್ತಿದ ಪುರಾಣದ ಹೊತ್ತಗೆ. ಈ ಸೀಮೆ ಅಕ್ಷರಕ್ಕೆ ಬಡವಾದುದೂ ಅಲ್ಲ. ಪ್ರಾಕೃತ ವಿದ್ವಾಂಸರಾದ ಡಾ. ಆ. ನೇ. ಉಪಾಧ್ಯೆಯವರು (1906–1975) ಹುಟ್ಟಿದ್ದು ಸದಲಗದಲ್ಲಿ. ‘ನಿಸರ್ಗ’ ಕಾದಂಬರಿಯ ಮಿರ್ಜಿ ಅಣ್ಣಾರಾಯರ ಊರು ಕಾಗವಾಡದ ಬಳಿಯ ಶೇಡಬಾಳ.

ಇಂದಿನ ಇಟ್ಟಿಗೆಯ ಗೋಡೆ 9 ಅಂಗುಲ, ಒಳಗಿನದಾದರೆ ಅದರ ಅರ್ಧ. ಡೆಮಿ 1/8 ಆಕಾರದ ಕನ್ನಡ ಪುಸ್ತಕವೊಂದರ ಅಗಲವೇ ಐದೂವರೆ ಅಂಗುಲ. ಅದಕ್ಕಾಗಿ ಗೋಡೆಯನ್ನು ಕೊರೆದರೆ ಉಳಿಯುವುದು ಮೂರು ಅಂಗುಲದ ಬೆನ್ನು. ಮೇಲಿನ ಭಾರ ಹೊರಬೇಕಾದ ಗೋಡೆಗೆ ಇದು ಸಲ್ಲದ ಶಿಕ್ಷೆ. ಆದುದರಿಂದ ಗೋಡೆಯನ್ನು ಕೊರೆಯಬಾರದು. ಗೋಡೆಯನ್ನೇ ಮುಂದಕ್ಕೆ ಕರೆಯಬೇಕು.

ಅದರ ಬಗೆ ಹೀಗೆ. ಪಡಸಾಲೆಯಿಂದ ಒಳಕೋಣೆಗೆ ಹೋಗುವ ಬಾಗಿಲಿನ ಎರಡೂ ಪಕ್ಕಗಳಲ್ಲಿ 10 ಅಂಗುಲ ಮುಂಚಾಚಿದ ಇಟ್ಟಿಗೆಯ ಕಂಬಗಳನ್ನು ನೆಲದಿಂದ ಮಾಳಿಗೆಯವರೆಗೆ ಎಬ್ಬಿಸಬೇಕು. ನಡುವೆ ಫರ್ಸಿಯನ್ನೋ ತೇಗದ ಹಲಗೆಯನ್ನೋ ಹಾಯಿಸಬೇಕು. ಬಾಗಿಲಿನ ಮೇಲೂ ಒಂದು ಸಾಲು ಹಾಯಿಸಿ, ಕಂಬಗಳಿಗೆ ಗೋಡೆಯದೇ ಗಿಲಾಯಿ, ಗೋಡೆಯದೇ ಬಣ್ಣ ಕೊಟ್ಟರೆ ಜೋಡಣೆ ಕಣ್ಣಿಗೆ ಬೀಳದು. ಆಗ ಬಾಗಿಲು 19 ಅಂಗುಲದ ಗೋಡೆಯಲ್ಲಿ ನಿಂತಂತೆ ತೋರುತ್ತದೆ. ಅಜ್ಜನ ಮನೆಯ ಗೋಡೆ ಮೊಮ್ಮಗನ ಮನೆಗೆ ಮರಳಿ ಬಂದಂತಾಗುತ್ತದೆ!

ಹಲಗೆ ಒಂದಂಗುಲ ದಪ್ಪವಿದ್ದರೂ ಎರಡೂವರೆ ಅಡಿಗಿಂತ ಉದ್ದ ಬಿಡಬಾರದು. ಒಂದಡಿ ಸಾಲಿನ ಪುಸ್ತಕಗಳು ಸುಮಾರು 10 ಕಿಲೋ ತೂಗುತ್ತವೆ. ಉದ್ದ ಹಲಗೆ ಕೆಲವೇ ವರ್ಷಗಳಲ್ಲಿ ತೊಟ್ಟಿಲಿನಂತೆ ಬಾಗೀತು. ಮೇಲಂತಸ್ತಿನಲ್ಲಿ ಕಟ್ಟುವುದಾದರೆ ಎಂಜಿನಿಯರನ್ನು ಮೊದಲೇ ಕೇಳಬೇಕು. ಪುಸ್ತಕದ ಹಿಂದೆ ಒಂದೆರಡು ಅಂಗುಲ ಗಾಳಿಯಾಡಲು ತೆರಪಿರಬೇಕು. ಮುಂಗಾರಿನ ಇರಚಲಿಗೆ ಮೈಯೊಡ್ಡುವ ಪಡುವಣ ಗೋಡೆ ಸರ್ವಥಾ ಬೇಡ. ಒಣ ಹವೆಯ ಅಥಣಿಗಿಂತ ಮಳೆ ಹೆಚ್ಚಿರುವ ನಿಪ್ಪಾಣಿಯಲ್ಲಿ ಈ ಎಚ್ಚರ ಇನ್ನಷ್ಟು ಅಗತ್ಯ.

ಹುಳುವಿನ ಮಾತೂ ಉಂಟು. ಹೊಗೆಸೊಪ್ಪಿನ ಪೇಟೆಯಾದ ನಿಪ್ಪಾಣಿಯಲ್ಲಿ, ಆ ಘಾಟಿಗೆ ಹುಳು ಬಾರದೆಂದು ಒಣ ಎಲೆಯನ್ನು ಪುಸ್ತಕಗಳ ನಡುವೆ ಇಡಲು ಯಾರಿಗಾದರೂ ಮನಸ್ಸಾದೀತು. ಆದರೆ ಒಣ ಹೊಗೆಸೊಪ್ಪನ್ನು ತಿಂದು ಬದುಕುವ ಪುಟ್ಟ ಜೀರುಂಡೆಯೊಂದಿದೆ. ಪುಸ್ತಕದ ರಟ್ಟು, ಅಂಟುಗಳೂ ಅದಕ್ಕೆ ಮೃಷ್ಟಾನ್ನವೇ. ಎಲೆಯನ್ನು ಇಡುವುದೆಂದರೆ ಕಳ್ಳನಿಗೆ ದಾರಿ ತೋರಿಸಿದಂತೆ! ತಿಂಗಳಿಗೊಮ್ಮೆ ಪುಸ್ತಕವನ್ನು ತೆಗೆದು ಕೊಡವಿ ಓದುವುದೇ ಉತ್ತಮ ಔಷಧ.

ಎಲ್ಲಕ್ಕಿಂತ ದೊಡ್ಡ ಶತ್ರು ನೀರು. ಕೃಷ್ಣೆ, ದೂಧಗಂಗೆ, ವೇದಗಂಗೆಗಳ ದಂಡೆಯ ಊರುಗಳು 2005ರಲ್ಲಿಯೂ 2019ರ ಆಗಸ್ಟಿನಲ್ಲಿಯೂ ಮಹಾಪೂರವನ್ನು ಕಂಡವು. ಎರಡನೆಯ ಸಲ ಅನೇಕ ಮಣ್ಣಿನ ಮನೆಗಳು ಗೂಡುಸಹಿತ ಕುಸಿದವು. ಧಾನ್ಯವನ್ನು ಮತ್ತೆ ಬೆಳೆಯಬಹುದು. ಅಜ್ಜ ಅಂಚಿನಲ್ಲಿ ಟಿಪ್ಪಣಿ ಬರೆದಿಟ್ಟ ಪುಸ್ತಕವನ್ನು ಯಾವ ಅಂಗಡಿಯೂ ಮಾರದು. ದಂಡೆಯ ಊರುಗಳಲ್ಲಿ ಕೆಳಗಿನ ಮೂರಡಿಯನ್ನು ಪಾತ್ರೆಪಗಡಗಳಿಗೆ ಬಿಟ್ಟು, ಮರಳಿ ದೊರೆಯದ ಪುಸ್ತಕಗಳನ್ನು ಬಾಗಿಲಿನ ಮೇಲಣ ಸಾಲಿನಲ್ಲಿ ಇಡುವುದು ವಿವೇಕ. ಊರು ಬಿಡಬೇಕಾದ ಗಳಿಗೆಯಲ್ಲಿ ಕೈಗೆ ಮೊದಲು ಯಾವುದು ಸಿಗಬೇಕೆಂಬುದನ್ನೂ ಮನೆಯವರೆಲ್ಲ ಅರಿತಿರಬೇಕು.

ತಳಪಾಯದ ದಿನವೇ ಗೌಂಡಿಗೆ ಒಂದು ಮಾತು ಹೇಳಿದರೆ ಸಾಕು. ದೀಪಕ್ಕೆ ಗೂಡು ಬಿಟ್ಟ ಕೈ ಪುಸ್ತಕಕ್ಕೂ ಬಿಟ್ಟೀತು. ಎರಡೂ ಮನೆಗೆ ಬೆಳಕೇ ಅಲ್ಲವೆ?