ಸೊನ್ನೆಯನ್ನೂ ಬರೀಬೇಕು ತಾತ!

ಮಳೆ ಎಷ್ಟು ಬಂತು ಅಂತ ಕೇಳಿದರೆ ನಮ್ಮ ಕಡೆ ಉತ್ತರ ಮೂರೇ: ಉದುರು ಮಳೆ, ಹದ ಮಳೆ, ಹಳ್ಳ ಬರೋ ಮಳೆ. ಮೂವತ್ತು ವರ್ಷ ನಾನೂ ಇದೇ ಲೆಕ್ಕದಲ್ಲಿ ಬಿತ್ತಿದವನು. 2023ರ ಬರದಲ್ಲಿ ಈ ಲೆಕ್ಕ ಕೈಕೊಟ್ಟಿತು. ರಾತ್ರಿ ಹಂಚಿನ ಮೇಲೆ ಜೋರು ಸದ್ದು ಕೇಳಿ 'ಹದ ಆಯ್ತು' ಅಂತ ಎರಡು ಎಕರೆಗೆ ಶೇಂಗಾ ಹಾಕಿದೆ. ಮೇಲಿನ ಹಸಿಗೆ ಮೊಳೆತದ್ದು ಅಲ್ಲೇ ಒಣಗಿತು. ಬೀಜದ ಸಾಲ ಮಾತ್ರ ಉಳಿಯಿತು.

2024ರ ಜೂನ್‌ನಲ್ಲಿ ಐದನೇ ಕ್ಲಾಸಿನ ಮೊಮ್ಮಗಳಿಗೆ ಶಾಲೆಯಲ್ಲಿ ಮಳೆ ಅಳೆದು ಬರೆಯುವ ಕೆಲಸ ಕೊಟ್ಟರು. ಏಳನೇ ಕ್ಲಾಸಿಗೇ ಪುಸ್ತಕ ಮುಚ್ಚಿದ ನಮ್ಮ ಕಾಲದಲ್ಲಿ ವಿಜ್ಞಾನ ಅಂದರೆ ಉರು ಹೊಡೆಯೋದು. ಇವಳದ್ದು ನೋಡಿ ಬರೆಯೋದು.

ಬಾಟಲಿಯ ಮಳೆಮಾಪಕ

ಖರ್ಚಿಲ್ಲ. ನೆಟ್ಟಗಿರುವ ಎರಡು ಲೀಟರಿನ ಪ್ಲಾಸ್ಟಿಕ್ ಬಾಟಲಿಯ ಕುತ್ತಿಗೆ ಭಾಗ ಕತ್ತರಿಸಿ, ಅದನ್ನೇ ತಲೆಕೆಳಗಾಗಿ ಆಲಿಕೆಯಂತೆ ಕೂರಿಸಬೇಕು. ತಳ ಅಂಕುಡೊಂಕು ಇರುತ್ತೆ. ಅದಕ್ಕೆ ಸಣ್ಣ ಕಲ್ಲು ಹಾಕಿ, ಕಲ್ಲು ಮುಳುಗುವಷ್ಟು ನೀರು ತುಂಬಿ, ಆ ಮಟ್ಟಕ್ಕೆ ಸೊನ್ನೆ ಗೆರೆ. ಅಲ್ಲಿಂದ ಮೇಲಕ್ಕೆ ಮಿಲಿಮೀಟರ್ ಸ್ಕೇಲು ಅಂಟಿಸಿದರೆ ಮುಗಿಯಿತು. ಗಾಳಿಗೆ ಬೀಳದಂತೆ ಕಟ್ಟಬೇಕು. ಗಿಡ, ಗೋಡೆ ಎಷ್ಟು ಎತ್ತರವೋ ಅದರ ಎರಡರಷ್ಟು ದೂರ ಇಡಬೇಕು. ದಿನಾ ಬೆಳಿಗ್ಗೆ 8.30ಕ್ಕೆ ಕಣ್ಣನ್ನು ನೀರಿನ ಮಟ್ಟಕ್ಕೆ ತಂದು ನೋಡಿ ಬರೆಯಬೇಕು. ಆಮೇಲೆ ನೀರನ್ನು ಮತ್ತೆ ಸೊನ್ನೆ ಗೆರೆಗೆ ತರಬೇಕು. ಬಿಸಿಲಿಗೆ ನೀರು ಆರಿದ್ದರೂ ಗೆರೆ ತನಕ ತುಂಬಬೇಕು.

ಪುಸ್ತಕದಲ್ಲಿ ನಾಲ್ಕು ಕಲಂ: ತಾರೀಖು, ಗಂಟೆ, ಮಿಲಿಮೀಟರ್, ನೋಡಿದವರು.

ಸೊನ್ನೆ ಬೇರೆ, ಖಾಲಿ ಬೇರೆ

ಮಳೆ ಇಲ್ಲದ ದಿನವೂ ಅವಳು ಪುಸ್ತಕ ಹಿಡಿದು ಹೊರಟಳು. 'ಬಾರದ ಮಳೆಗೆ ಏನು ಬರೀತೀಯೆ?' ಅಂದೆ.

'ಸೊನ್ನೆಯನ್ನೂ ಬರೀಬೇಕು ತಾತ. ಖಾಲಿ ಬಿಟ್ರೆ ಮಳೆ ಬರ್ಲಿಲ್ವೋ, ನಾವು ನೋಡ್ಲಿಲ್ವೋ ಗೊತ್ತಾಗಲ್ಲ.'

ಒಂದು ಸಲ ಅವಳು ಜಾತ್ರೆಗೆ ಹೋಗಿ ಎರಡು ದಿನ ತಪ್ಪಿತು. 'ಐದೋ ಆರೋ ಇರಬೇಕು, ಹಾಕಿಬಿಡು' ಅಂದೆ. ಹಾಕಲಿಲ್ಲ. 'ನೋಡಿಲ್ಲ' ಅಂತಲೇ ಬರೆದಳು. ತಪ್ಪು ಬರೆದರೆ ಹಾಳೆ ಹರಿಯುವಂತಿಲ್ಲ. ಒಂದು ಗೆರೆ ಎಳೆದು ಪಕ್ಕದಲ್ಲಿ ಸರಿ ಬರೆಯಬೇಕಂತೆ. ನಮ್ಮ ಸಾಲದ ಲೆಕ್ಕವನ್ನೂ ಇಷ್ಟು ನೇರವಾಗಿ ಬರೆದದ್ದು ನೆನಪಿಲ್ಲ.

ಒಂಬತ್ತು ಮಿಲಿಮೀಟರ್ ಉಳಿಸಿದ ಬೀಜ

ಆರಿದ್ರೆಯಲ್ಲಿ ಒಂದು ರಾತ್ರಿ ಮತ್ತೆ ಅದೇ ಜೋರು ಸದ್ದು. ಬೆಳಿಗ್ಗೆ ಕೂರಿಗೆ ತೆಗೆದೆ. ಬಾಟಲಿಯಲ್ಲಿ 9 ಮಿಲಿಮೀಟರ್! ಒಂದು ಎಕರೆ ಅಂದರೆ 4,047 ಚದರ ಮೀಟರ್. ಒಂದು ಚದರ ಮೀಟರಿಗೆ ಒಂದು ಮಿಲಿಮೀಟರ್ ಬಿದ್ದರೆ ಒಂದು ಲೀಟರ್. ಹೀಗೆ ಎಕರೆಗೆ 36 ಸಾವಿರ ಲೀಟರಿಗೂ ಮೇಲಾಯಿತು. ಕೇಳೋಕೆ ಬಹಳ. ಗುದ್ದಲಿಯಲ್ಲಿ ಅಗೆದರೆ ನಮ್ಮ ಕೆಂಪು ನೆಲದಲ್ಲಿ ಹಸಿ ಇಳಿದದ್ದು ನಾಲ್ಕೇ ಬೆರಳು. ಕೂರಿಗೆ ಒಳಗಿಟ್ಟೆ. ಊರಿನವರು ಬಿತ್ತುವಾಗ ಸುಮ್ಮನಿರೋದು ಸುಲಭವಲ್ಲ. ಮನೆಯಲ್ಲೂ ಮಾತು ಕೇಳಿದೆ.

ಆಮೇಲೆ ಪುಸ್ತಕದಲ್ಲಿ ಸಾಲಾಗಿ ಹನ್ನೊಂದು ಸೊನ್ನೆ. ಹನ್ನೆರಡನೇ ದಿನ 28 ಮಿಲಿಮೀಟರ್. ಅಗೆದರೆ ಒಂದು ಗೇಣು ಹಸಿ. ಅವತ್ತು ಬಿತ್ತಿದೆ. ಮೊಳಕೆ ಚೆನ್ನಾಗಿ ಬಂತು.

ವರ್ಷದ ಕೊನೆಗೆ ಇನ್ನೊಂದು ಪಾಠ. 'ಮುಂಗಾರಿನಲ್ಲಿ ಆರೇಳು ಒಳ್ಳೆ ಮಳೆ ಆದವು' ಅಂತ ಕಟ್ಟೆಯ ಮೇಲೆ ಹೇಳುತ್ತಿದ್ದೆ. ಪುಸ್ತಕ ತೆರೆದರೆ 20 ಮಿಲಿಮೀಟರ್ ದಾಟಿದ್ದು ಮೂರೇ. ಮನಸ್ಸು ಬಂದ ಮಳೆಯನ್ನು ನೆನೆಯುತ್ತೆ, ಬಾರದ ದಿನಗಳನ್ನು ಮರೆಯುತ್ತೆ.

ಈ ಬಾಟಲಿ ನಾಳಿನ ಮಳೆ ಹೇಳುವುದಿಲ್ಲ. ಪಂಚಾಯಿತಿಯ ಮಳೆಮಾಪಕದ ಬದಲಿಗೂ ಅಲ್ಲ. ಆದರೆ ಅಲ್ಲಿ ಬಿದ್ದ ಮಳೆ ನನ್ನ ಹೊಲಕ್ಕೆ ಬಿದ್ದಿರಲೇಬೇಕೆಂದಿಲ್ಲವಲ್ಲ! ನನ್ನ ನೆಲಕ್ಕೆ 9 ಸಾಲದು ಎಂದು ತಿಳಿದದ್ದು ಬಾಟಲಿ, ಗುದ್ದಲಿ ಎರಡನ್ನೂ ಸೇರಿಸಿ ನೋಡಿದಾಗ. ನಿಮ್ಮ ನೆಲದ ಲೆಕ್ಕ ಬೇರೆ ಇರುತ್ತೆ, ನೀವೇ ಅಗೆದು ಬರೆದುಕೊಳ್ಳಿ.

ಮೊಮ್ಮಗಳ ಶಾಲೆಯ ಕೆಲಸ ಆ ವರ್ಷಕ್ಕೇ ಮುಗಿಯಿತು. ಪುಸ್ತಕ ಈಗ ನನ್ನದು. ನಿಮ್ಮ ಮನೆಯಲ್ಲೂ ಶಾಲೆಗೆ ಹೋಗುವ ಮಗು ಇದ್ದರೆ ಈ ಮುಂಗಾರಿಗೆ ಒಂದು ಬಾಟಲಿ ಕಟ್ಟಿಕೊಡಿ. ಸೊನ್ನೆ ಮಾತ್ರ ಬಿಡಬೇಡಿ.