ಕವಿಗಳ ಬಣ್ಣಗಳು

ಕೀರ್ತಿಗೆ ಬಣ್ಣವುಂಟೇ ಎಂದು ವಾಚಕರು ಕೇಳಬಹುದು. ಸಂಸ್ಕೃತ ಕವಿಗಳ ಲೋಕದಲ್ಲಿ ಉಂಟು. ಅಲ್ಲಿ ಕೀರ್ತಿಯೂ ನಗೆಯೂ ಬಿಳುಪು. ಅಪಕೀರ್ತಿಯೂ ಪಾಪವೂ ಕಪ್ಪು. ಕ್ರೋಧವೂ ಅನುರಾಗವೂ ಕೆಂಪು. ಇಂತಹ ಕಟ್ಟಳೆಗೆ ಕವಿಸಮಯವೆಂದು ಹೆಸರು. ಕ್ರಿ. ಶ. 900ರ ಸುಮಾರಿನಲ್ಲಿದ್ದ ರಾಜಶೇಖರನು ತನ್ನ ‘ಕಾವ್ಯಮೀಮಾಂಸೆ’ಯಲ್ಲಿ ಇದನ್ನು ವಿವರವಾಗಿ ನಿರೂಪಿಸಿರುವನು.

ಅದಕ್ಕಿಂತಲೂ ಬಹು ಪ್ರಾಚೀನವಾದ ಭರತನ ‘ನಾಟ್ಯಶಾಸ್ತ್ರ’ವು ರಸಗಳಿಗೂ ಬಣ್ಣಗಳನ್ನು ವಿಧಿಸಿರುವುದು: ಹಾಸ್ಯಕ್ಕೆ ಬಿಳುಪು, ರೌದ್ರಕ್ಕೆ ಕೆಂಪು, ಕರುಣಕ್ಕೆ ಪಾರಿವಾಳದ ಬೂದುಬಣ್ಣ, ಅದ್ಭುತಕ್ಕೆ ಹಳದಿ. ರಸರಾಜನೆನಿಸಿದ ಶೃಂಗಾರಕ್ಕೋ? ಶ್ಯಾಮವರ್ಣ!

ಇಲ್ಲಿ ಗೃಹಸ್ಥರು ಗಮನಿಸತಕ್ಕ ವಿಷಯವೊಂದುಂಟು. ಕವಿಗಳು ಹೊಗಳಿದ ಬಿಳುಪು ಗುಣದ ಗುರುತೇ ಹೊರತು ತೊಗಲಿನದಲ್ಲ. ರಾಮನು ಶ್ಯಾಮಲಾಂಗನು. ಮೈಬಣ್ಣದಿಂದಲೇ ಕೃಷ್ಣೆಯೆಂಬ ಹೆಸರನ್ನು ಪಡೆದ ದ್ರೌಪದಿಯನ್ನು ಮಹಾಭಾರತವು ಅಪ್ರತಿಮ ಸುಂದರಿಯೆಂದೇ ವರ್ಣಿಸುವುದು. ಇವರ ಕೀರ್ತಿಯಾದರೋ ಶುದ್ಧ ಧವಳ. ಹೀಗಿರುವಲ್ಲಿ, ಮಗಳು ಕಪ್ಪೆಂದು ಮನೆಯ ಹಿರಿಯರು ಮರುಗುವುದೂ, ಹೆಣ್ಣು ನೋಡಬಂದವರು ಮೂಗು ಮುರಿಯುವುದೂ ಯಾವ ಶಾಸ್ತ್ರದ ಮಾತು? ಮಕ್ಕಳಿಂದ ಕಾವ್ಯವನ್ನೋದಿಸುವಾಗ ಈ ಭೇದವನ್ನು ಅವರಿಗೆ ಮನಗಾಣಿಸುವುದು ತಾಯಿತಂದೆಗಳ ಕರ್ತವ್ಯವಾಗಿದೆ.